ದೊಡ್ಡವ್ವನ ಕೈಗುಣ

ಕೆ.ಆರ್. ನಗರದ ನಮ್ಮ ಮನೆಯ ಅಡುಗೆಮನೆ ಕಿಟಕಿ ತೆರೆದರೆ ಎದುರಿಗೇ ಗದ್ದೆ. ನಾಟಿ ಮುಗಿದು ತಿಂಗಳೊಪ್ಪತ್ತು ಕಳೆಯುವ ಹೊತ್ತಿಗೆ ಯಾರೋ ಒಬ್ಬರು ಬೆನ್ನಿಗೆ ಪಂಪು ಹಾಕಿಕೊಂಡು ಬದುವಿನ ಮೇಲೆ ನಡೆಯುತ್ತಾರೆ. ಗಾಳಿ ಈ ಕಡೆ ತಿರುಗಿದ್ದೇ ತಡ, ಆ ವಾಸನೆ ಒಳಕ್ಕೆ ಬಂದುಬಿಡುತ್ತದೆ. ಕೊಳೆತ ಬೆಳ್ಳುಳ್ಳಿಯ ಮೇಲೆ ಸೀಮೆಎಣ್ಣೆ ಸುರಿದಂಥ ವಾಸನೆ. "ಥೂ, ಮುಚ್ಚವ್ವ ಆ ಕಿಟ್ಕಿಯಾ" ಅನ್ನುತ್ತಾರೆ ನಮ್ಮತ್ತೆ. ಮುಚ್ಚುತ್ತೇನೆ. ಮುಚ್ಚುವ ಮೊದಲು ಒಂದು ಸಲ ಉಸಿರು ಎಳೆದುಕೊಳ್ಳುತ್ತೇನೆ. ಅದು ಒಳ್ಳೆಯದಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ನನ್ನಷ್ಟು ಗೊತ್ತಿರುವವರು ಈ ಬೀದಿಯಲ್ಲೇ ಇರಲಾರರು. ಆದರೂ ಎಳೆದುಕೊಳ್ಳುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಸತ್ತವರ ಸೀರೆಯದೋ, ಬಿದ್ದುಹೋದ ಮನೆಯ ಗೋಡೆಯದೋ. ಮಲ್ಲಿಗೆಯದೋ ಕರ್ಪೂರದ್ದೋ ಆಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಕ್ಕೂ ಚಂದ. ನನಗೆ ಒದಗಿದ್ದು ಇದು. ನನ್ನನ್ನು ಸಾಕಿದವಳ ಕೈ ಹೀಗೆ ನಾರುತ್ತಿತ್ತು.

ಸಾಕಿದವಳು ಅಂದರೆ ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಹೆಸರು ಚಿಕ್ಕತಾಯಮ್ಮ. ತವರು ಸರಗೂರಿನ ಕಡೆ. ಅವಳಿಗೆ ಮಕ್ಕಳಾಗಲಿಲ್ಲ. ನಮ್ಮವ್ವನಿಗೆ ನಾನು ಹುಟ್ಟಿದ ಹಿಂದೆಯೇ ಇನ್ನೊಂದು ಕೂಸು ಹೊಟ್ಟೆಯಲ್ಲಿ ನಿಂತಿತು, ಹಾಲು ಬತ್ತಿತು, ನನ್ನನ್ನು ಎತ್ತಿ ದೊಡ್ಡವ್ವನ ಮಡಿಲಿಗೆ ಹಾಕಿದರು. ಕೊಟ್ಟವರೂ ಮಾತಾಡಲಿಲ್ಲ, ತೆಗೆದುಕೊಂಡವಳೂ ಮಾತಾಡಲಿಲ್ಲ. ಎಲ್ಲರೂ ಇದ್ದದ್ದು ಒಂದೇ ಮನೆಯಲ್ಲಿ, ನಾನು ಅವಳ ಮಡಿಲಲ್ಲೇ ಉಳಿದೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗುವಷ್ಟು ಗಾತ್ರ ಮಾಡಿ ನನ್ನ ಬಾಯಿಗೆ ಇಡುತ್ತಿದ್ದಳು. ಅವಳು ಬೂದಿ ಹಾಕಿ ಉಜ್ಜಲಿ, ಹುಣಸೆಹಣ್ಣು ಹಾಕಿ ತಿಕ್ಕಲಿ, ಸೋಪು ಸವೆಸಲಿ, ಆ ಕೈಯ ವಾಸನೆ ಒಂದು ಎಳೆ ಉಳಿದೇ ಉಳಿಯುತ್ತಿತ್ತು. ನಾಲ್ಕನೇ ಕ್ಲಾಸಿನವರೆಗೂ ಎಲ್ಲರ ಮನೆಯ ಹುರುಳಿ ಸಾರಿಗೂ ಆ ವಾಸನೆ ಇರುತ್ತದೆ ಅಂತಲೇ ತಿಳಿದಿದ್ದೆ. ಒಮ್ಮೆ ಗೆಳತಿಯ ಮನೆಯಲ್ಲಿ ಉಂಡು ಬಂದು, "ಅವ್ರ ಸಾರು ಸಪ್ಪೆ ಕಣ್ ದೊಡ್ಡವ್ವ" ಅಂದಿದ್ದೆ. ಅವಳಿಗೆ ಅದೆಷ್ಟು ಹೆಮ್ಮೆಯಾಯಿತೆಂದರೆ, ಆ ವಾರವೆಲ್ಲ ಸಿಕ್ಕಸಿಕ್ಕವರಿಗೆ ಅದನ್ನೇ ಹೇಳಿಕೊಂಡು ತಿರುಗಿದಳು.

ನಮ್ಮೂರು ಹುಣಸೂರು ತಾಲ್ಲೂಕಿನದು. ಕಟ್ಟೆಮಳಲವಾಡಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯಬೇಕಿತ್ತು. ಹೊಗೆಸೊಪ್ಪಿನ ಸೀಮೆ. ಮನೆಯ ಎಡಕ್ಕೆ ಸೊಪ್ಪು ಬೇಯಿಸುವ ಬ್ಯಾರನ್, ನಮ್ಮ ಹೆಂಚಿನ ಮನೆಗಿಂತ ಎತ್ತರದ್ದು, ಕಿಟಕಿ ಇಲ್ಲದ ಕುರುಡು ಕಟ್ಟಡ. ಬಲಕ್ಕೆ ದನದ ಕೊಟ್ಟಿಗೆ. ನಡುವೆ ನಮ್ಮ ಜಗುಲಿ. ಸೊಪ್ಪು ಮುರಿಯುವ ಕಾಲದಲ್ಲಿ ಮಧ್ಯಾಹ್ನವೆಲ್ಲ ಮನೆಮಂದಿ ಜಗುಲಿಯ ಮೇಲೆ ಕೂತು ಹಸಿ ಎಲೆಗಳನ್ನು ಎರಡೆರಡಾಗಿ ಕಡ್ಡಿಗೆ ಕಟ್ಟುತ್ತಿದ್ದೆವು. ಎಲೆಯ ಅಂಟು ಬೆರಳಿಗೆ ಹತ್ತಿ ಕಪ್ಪಾಗಿ, ಆ ಬೆರಳಿನಲ್ಲಿ ಏನು ಮುಟ್ಟಿದರೂ ಕಹಿ. ಬ್ಯಾರನ್ನಿನ ಒಲೆಯ ಕೆಂಡದಲ್ಲಿ ದೊಡ್ಡವ್ವ ಗೆಣಸು ಹೂಳಿಡುತ್ತಿದ್ದಳು. ಸುಟ್ಟ ಗೆಣಸಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿದು ಉಗಿದು ನನಗೆ ತಿರುಳು ಕೊಡುವಳು. "ನಿನ್ ಬೆರಳು ತಾಕಿದ್ರೆ ಕಯ್ಯಾಯ್ತದೆ, ಆ ಅನ್ನು" ಎಂದು ನನ್ನ ಬಾಯಿ ತೆರೆಸುವಳು. ಅವಳು ಕುಳ್ಳಿ, ಕಪ್ಪು, ದೊಡ್ಡ ದನಿಯವಳು. ನಗಲು ಶುರುಮಾಡಿದರೆ ಕೊಟ್ಟಿಗೆಯ ಎಮ್ಮೆ ಕಿವಿ ನಿಗುರಿಸುತ್ತಿತ್ತು. ಯಾರಾದರೂ ಮಕ್ಕಳಿಲ್ಲದ ಮಾತು ಎತ್ತಿದರೆ, "ಎರೋರು ಎರ್ಲಿ, ಎತ್ಕೊಳೋಳು ನಾನಿವ್ನಿ" ಎಂದು ಬಾಯಿ ಮುಚ್ಚಿಸುವಳು. ಆದರೆ ಹಾಗಂದ ದಿನ ಸಂಜೆ ಒಬ್ಬಳೇ ಹಿತ್ತಲಲ್ಲಿ ಬಹಳ ಹೊತ್ತು ಕೂತಿರುತ್ತಿದ್ದಳು.

ಅವಳ ಕೈಗುಣ ಊರಿಗೇ ಗೊತ್ತಿದ್ದದ್ದು. ಕೈಗುಣ ಅಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಊರಿದ ಕಡ್ಡಿ ಚಿಗುರುತ್ತದೆ, ಇನ್ನೊಬ್ಬರು ಊರಿದ್ದು ಒಣಗುತ್ತದೆ. ನಮ್ಮ ಮನೆಯಲ್ಲಿ ಅದು ಅತ್ತೆಯಿಂದ ಸೊಸೆಗೆ ಬರುತ್ತಿತ್ತು. ಅಜ್ಜಿ ಕಣ್ಣು ಮುಚ್ಚುವ ಮುಂಚೆ ಒಂದು ಶುಕ್ರವಾರ ದೊಡ್ಡವ್ವನನ್ನು ಎದುರಿಗೆ ಕೂರಿಸಿಕೊಂಡು, ಅವಳ ಬೊಗಸೆಗೆ ರಾಗಿ ಸುರಿದು, ಆ ಬೊಗಸೆಯ ಮೇಲೆ ತನ್ನ ಎರಡೂ ಅಂಗೈ ಮುಚ್ಚಿ, ಮೇಲಿನಿಂದ ನೀರು ಹುಯ್ಯಿಸಿದ್ದಳಂತೆ. ಅಲ್ಲಿಂದಾಚೆಗೆ ಊರಿನವರು ರಾಗಿಯ ಮೊದಲ ಹಿಡಿಯನ್ನು ಚೆಲ್ಲುವುದಕ್ಕೆ ದೊಡ್ಡವ್ವನನ್ನು ಕರೆಯುವ ರೂಢಿ. ಆಮೇಲೆ ಹೊಗೆಸೊಪ್ಪು ಬಂತು, ಅದರ ಹಿಂದೆ ಹುಳ ಬಂತು, ಹುಳದ ಹಿಂದೆ ಔಷಧಿ ಬಂತು. ಬೀಜ ಚೆಲ್ಲುವ ಕೈ ಔಷಧಿ ಕಲಸುವ ಕೈಯೂ ಆಯಿತು. ಇದು ಯಾವತ್ತು ಶುರುವಾಯಿತು, ಯಾರು ಶುರುಮಾಡಿದರು ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. ಯಾರಿಗೂ ನೆನಪಿಲ್ಲ. ಯಾರೋ ಒಬ್ಬರ ಒಟ್ಲಿನ ಪಾತಿಯಲ್ಲಿ, ಅಂದರೆ ಸೊಪ್ಪಿನ ಸಸಿ ಬೆಳೆಸುವ ಮಡಿಯಲ್ಲಿ, ಸಸಿ ಕೊಳೆಯುತ್ತಿತ್ತಂತೆ. ದೊಡ್ಡವ್ವ ಕಲಸಿಕೊಟ್ಟ ಔಷಧಿಗೆ ನಿಂತಿತಂತೆ. ಅಷ್ಟು ಸಾಕಾಯಿತು.

ಒಟ್ಲು ಹಾಕುವ ಕಾಲದಿಂದ ಸೊಪ್ಪು ಮುರಿದು ಮುಗಿಯುವವರೆಗೂ ಬೆಳಗಾದರೆ ನಮ್ಮ ಜಗುಲಿಯ ಮುಂದೆ ಜನ. ಹೆಚ್ಚಾಗಿ ಪಕ್ಕದ ಹೊಲದ ಸ್ವಾಮಣ್ಣ, ಯಾವತ್ತೂ ಅವಸರದ ಮನುಷ್ಯ. "ಅಕ್ಕಾ, ಒಸಿ ನಿಮ್ ಕೈ ಆಡ್ಸ್ಬುಡಿ, ಬಿಸ್ಲೇರೋಕ್ ಮುಂಚೆ ಒಡೀಬೇಕು" ಅನ್ನುತ್ತ ಬಕೆಟ್ಟು ಇಡುತ್ತಿದ್ದ. ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸುವಳು, ಬಳೆಗಳನ್ನು ಮೇಲಕ್ಕೆ ಏರಿಸುವಳು. ನಾನು ಬಾವಿಯ ನೀರು ಹುಯ್ಯುವೆ. ಡಬ್ಬಿಯಿಂದ ಔಷಧಿ ಬಿದ್ದ ಕೂಡಲೇ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಮೊಣಕೈವರೆಗೂ ಕೈ ಇಳಿಸಿ, ಬಲಕ್ಕೆ ಮೂರು ಸುತ್ತು, ಎಡಕ್ಕೆ ಮೂರು ಸುತ್ತು, ತಳದಲ್ಲಿ ಗಟ್ಟಿಯಾಗಿ ಕೂತದ್ದನ್ನು ಬೆರಳಲ್ಲಿ ಹಿಸುಕಿ ಕರಗಿಸುವಳು. ಪುಡಿ ಔಷಧಿಯಾದರಂತೂ ಹಿಟ್ಟು ನಾದುವ ಹಾಗೆ ಅಂಗೈಯಲ್ಲೇ ಉಜ್ಜುವಳು. ಬೆರಳ ತುದಿಯನ್ನು ಮೂಗಿನ ಹತ್ತಿರ ತಂದು, "ಊಂ, ಅದ ಬಂತು, ತಕ್ಕೊಂಡೋಗು" ಅನ್ನುವಳು. ಗಂಡಸರು ಮೂಗು ಬಾಯಿಗೆ ಟವೆಲು ಸುತ್ತಿಕೊಂಡು, ತುಂಬುತೋಳಿನ ಅಂಗಿ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಅವರದು ಔಷಧಿ ಹೊಡೆಯುವ ಕೆಲಸ, ಅಪಾಯದ್ದು. ದೊಡ್ಡವ್ವನದು ಕೆಲಸ ಅಂತ ಯಾರ ಲೆಕ್ಕದಲ್ಲೂ ಇರಲಿಲ್ಲ. ಅವಳ ಲೆಕ್ಕದಲ್ಲೂ ಇರಲಿಲ್ಲ. ಅದೊಂದು ಮರ್ಯಾದೆ. ಹೆರದ ಹೆಂಗಸನ್ನು ಶುಭಕ್ಕೆ ಹಿಂದಿಡುವ ಊರು ದಿನಾ ಬೆಳಗ್ಗೆ ಅವಳ ಬಾಗಿಲಿಗೆ ಬಂದು ನಿಲ್ಲುತ್ತಿತ್ತಲ್ಲ, ಅವಳಿಗೆ ಅದಕ್ಕಿಂತ ಇನ್ನೇನು ಬೇಕಿತ್ತು?

ನನಗೆ ಆ ಕೈ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಡಾಕ್ಟರಮ್ಮ ಆಗುವುದು, ಟೀಚರ್ ಆಗುವುದು ಎಲ್ಲ ಸ್ಕೂಲಿನಲ್ಲಿ ಕೇಳಿದಾಗ ಹೇಳುವ ಮಾತು. ಒಳಗೆ ನನಗೆ ಇದ್ದದ್ದು ಒಂದೇ ಆಸೆ, ನಾನೂ ಬಳೆ ಏರಿಸಿಕೊಂಡು ಬಕೆಟ್ಟಿಗೆ ಕೈ ಇಳಿಸಬೇಕು, ಊರಿನ ಗಂಡಸರು ಸುತ್ತ ನಿಂತು ಕಾಯಬೇಕು. ಒಂದೆರಡು ಸಲ ಕೈ ಹಾಕಲು ಹೋಗಿ ಅವಳಿಂದ ಏಟು ತಿಂದಿದ್ದೆ. "ಕೊಡೋ ಗಂಟ ಕೈ ಆಕ್ಬಾರ್ದು, ಗುಣ ಓಯ್ತದೆ. ನಿನ್ಗಲ್ದೆ ಇನ್ಯಾರ್ಗ್ ಕೊಡ್ಲಿ, ತಾಳು" ಅನ್ನುತ್ತಿದ್ದಳು. ನಾನು ತಾಳುತ್ತಿದ್ದೆ. ಗುಣ ಹೋಗುತ್ತದೆ ಅನ್ನುವ ಆ ಒಂದು ಹೆದರಿಕೆ ನನ್ನನ್ನು ಅಷ್ಟು ವರ್ಷ ಬಕೆಟ್ಟಿನಿಂದ ಒಂದು ಗೇಣು ದೂರ ಇಟ್ಟಿತು. ಅದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಎರಡೂ ಬರುವುದೂ ಇಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ, ಸೊಪ್ಪು ಕಟ್ಟುತ್ತ ಕಟ್ಟುತ್ತ ಅವಳು ಕೂತಲ್ಲೇ ತೂಕಡಿಸತೊಡಗಿದಳು. ದೊಡ್ಡವ್ವ ಹಗಲು ತೂಕಡಿಸುವುದೇ? ಎಲ್ಲರೂ ಗೇಲಿ ಮಾಡಿದೆವು. ತೊಡೆಯ ಮೇಲೆ, ತೋಳಿನ ಮೇಲೆ ನೀಲಿ ಕಲೆಗಳೆದ್ದವು. "ಮಂಚ ತಾಕ್ತು, ಎಮ್ಮೆ ತಳ್ತು" ಎಂದು ಒಂದೊಂದಕ್ಕೂ ಒಂದೊಂದು ಕತೆ ಹೇಳಿದಳು. ಬೆಳಗ್ಗೆ ಹಲ್ಲುಜ್ಜುವಾಗ ಉಗುಳೆಲ್ಲ ಕೆಂಪು. ಎಲೆಅಡಿಕೆ ಹಾಕುವವಳಾದ್ದರಿಂದ ಅದನ್ನೂ ಯಾರೂ ಗಮನಿಸಲಿಲ್ಲ. ಜ್ವರ ಬಂದು ಹತ್ತು ದಿನವಾದರೂ ಇಳಿಯದಿದ್ದಾಗ ಹುಣಸೂರಿಗೆ ಕರೆದುಕೊಂಡು ಹೋದರು. ಅಲ್ಲಿ ರಕ್ತ ನೋಡಿದವರು ಚೀಟಿ ಬರೆದು, ಇವತ್ತೇ ಮೈಸೂರಿಗೆ ಹೋಗಿ ಅಂದರು. ದಸರಾ ರಜೆ. ಚೀಟಿಚಪಾಟಿ ಓದುವುದಕ್ಕೆ ಒಬ್ಬರು ಬೇಕು ಅಂತ ದೊಡ್ಡಪ್ಪ ನನ್ನನ್ನೂ ಜೊತೆಗೆ ಹೊರಡಿಸಿದ. ಬಸ್ಸಿನಲ್ಲಿ ದೊಡ್ಡವ್ವ ಕಿಟಕಿ ಪಕ್ಕ ಕೂತು, ದಾರಿಯ ಹೊಲಗಳನ್ನು ನೋಡಿ, ಇವರದು ಹುಳ ಬಿದ್ದಿದೆ, ಇವರದು ಔಷಧಿ ಜಾಸ್ತಿಯಾಗಿ ಸುಟ್ಟಿದೆ ಎಂದು ಹೇಳುತ್ತಲೇ ಇದ್ದಳು. ಬಿಳಿಕೆರೆ ದಾಟಿದ ಮೇಲೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಅವಳ ತೂಕವೇ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ಬೆನ್ನ ಕೆಳಗಿನ ಮೂಳೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಮೂರನೇ ದಿನ ಒಬ್ಬರು ಎಳೆಯ ಡಾಕ್ಟರಮ್ಮ ನಮ್ಮನ್ನು ಕರೆದು, ರಕ್ತದ ಕ್ಯಾನ್ಸರ್ ಅಂದರು. ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. "ಗಡ್ಡೆ ಎಲ್ಲದೆ ಮೇಡಂ? ಕುಯ್ದು ತೆಗೀರಿ" ಅಂದ. ಗಡ್ಡೆಯಲ್ಲ, ರಕ್ತವೇ ಕೆಟ್ಟಿದೆ ಎಂದು ಅವರು ತಾಳ್ಮೆಯಿಂದ ತಿಳಿಸಿದರು. ಆಮೇಲೆ ಕಾಗದ ತೆಗೆದು, "ಇವರು ಏನು ಕೆಲಸ ಮಾಡ್ತಾರೆ?" ಅಂತ ಕೇಳಿದರು. "ಏನಿಲ್ಲ ಮೇಡಂ, ಮನೇಲೇ ಇರೋದು" ಅಂದ ದೊಡ್ಡಪ್ಪ. "ಹೊಲಕ್ಕೆ ಔಷಧಿ ಹೊಡೆಯೋ ಕೆಲಸ ಏನಾದ್ರೂ?" ಅಂದರು. "ಅದು ಗಂಡುಸ್ರು ಕೆಲ್ಸ ಮೇಡಂ, ನಮ್ಮನೆ ಎಂಗಸ್ರನ್ನ ಅದ್ಕೆಲ್ಲ ಬುಡಾಕಿಲ್ಲ" ಅಂದ. ದೊಡ್ಡಪ್ಪ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟ. ಡಾಕ್ಟರಮ್ಮ ಬರೆದುಕೊಂಡರು.

ದೊಡ್ಡಪ್ಪ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದಾಗ ನಾನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆ ಡಾಕ್ಟರಮ್ಮ ಹಾದುಹೋಗುವಾಗ, ಯಾಕೋ ಗೊತ್ತಿಲ್ಲ, ಎದ್ದು ನಿಂತು ಹೇಳಿದೆ: "ಮೇಡಂ, ನಮ್ಮ ದೊಡ್ಡವ್ವ ಹೊಡೆಯಲ್ಲ. ಕಲಸ್ತಾಳೆ." "ಹೇಗೆ ಕಲಸ್ತಾರೆ?" ಅಂದರು. ಕೈ ಮಾಡಿ ತೋರಿಸಿದೆ. ಬಲಕ್ಕೆ ಮೂರು, ಎಡಕ್ಕೆ ಮೂರು. ಎಷ್ಟು ವರ್ಷದಿಂದ ಅಂದರು. ನಾನು ಹುಟ್ಟುವುದಕ್ಕೂ ಮುಂಚಿನಿಂದ ಅಂದೆ. ಅವರು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತರು. "ನೋಡಮ್ಮ, ಇವರಿಗೆ ಇದರಿಂದಲೇ ಬಂತು ಅಂತ ನಾನು ಹೇಳಕ್ಕಾಗಲ್ಲ. ಯಾರೂ ಹೇಳಕ್ಕಾಗಲ್ಲ. ಆದರೆ ವರ್ಷಗಟ್ಟಲೆ ಈ ವಿಷದ ಜೊತೆ ಕೆಲಸ ಮಾಡೋರಿಗೆ ಈ ಕಾಯಿಲೆ ಬರೋ ಅಪಾಯ ಜಾಸ್ತಿ. ಅದು ಚರ್ಮದಿಂದಲೂ ಒಳಗೆ ಹೋಗತ್ತೆ. ಇನ್ನು ಮುಟ್ಟಕ್ಕೆ ಬಿಡಬೇಡಿ. ನೀನೂ ಮುಟ್ಟಬೇಡ" ಅಂದರು. ನಾನು ತಲೆಯಾಡಿಸಿದೆ. ಒಳಗೆ ಏನೂ ಆಗಲಿಲ್ಲ. ಎದುರು ಗೋಡೆಗೆ ಹಚ್ಚಿದ್ದ ಹಸಿರು ಬಣ್ಣ ಎಲ್ಲಿಗೆ ಮುಗಿದು ಎಲ್ಲಿ ಬಿಳಿ ಶುರುವಾಗಿದೆ ಅಂತ ನೋಡುತ್ತ ಕೂತಿದ್ದೆ. ಅವತ್ತು ಮರಗಟ್ಟಿದ ಜಾಗ ಯಾವುದೋ ನನಗೆ ಇವತ್ತಿಗೂ ಸಿಕ್ಕಿಲ್ಲ.

ಊರಿಗೆ ಬಂದ ಮೇಲೆ ದೊಡ್ಡವ್ವ ಮಲಗಿದ್ದ ಹೊತ್ತು ನೋಡಿ ಹಿತ್ತಲಲ್ಲಿ ಅವ್ವ, ದೊಡ್ಡಪ್ಪ ಇಬ್ಬರಿಗೂ ಹೇಳಿದೆ. ದೊಡ್ಡಪ್ಪ "ಅಂಗಂತ ಯೋಳುದ್ರೆ ಊರ್ನೋರ ಮ್ಯಾಲೆ ಗೂಬೆ ಕೂರ್ಸ್ದಂಗಾಯ್ತದೆ. ಅವ್ರೇನ್ ಬಲವಂತ ಮಾಡುದ್ರಾ? ನಮ್ಮನೇಲೂ ಅವ್ಳೇ ಕಲಸ್ತಿದ್ಲು, ನಾನೇ ಬಕೀಟ್ ಇಟ್ಟಿವ್ನಿ" ಅಂದ. ಕೊನೆಯ ಮಾತು ಹೇಳುತ್ತಲೇ ಎದ್ದು ಕೊಟ್ಟಿಗೆಗೆ ಹೋಗಿಬಿಟ್ಟ. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಅವ್ಳಿಗ್ ಮಾತ್ರ ಯೋಳ್ಬ್ಯಾಡ ಕಣವ್ವ. ಅವ್ಳ ಅತ್ರ ಇರಾದು ಅದೊಂದೇ. ಅದುನ್ನೂ ಕಿತ್ಕೊಂಡು ಕಳ್ಸಾದ್ ಬ್ಯಾಡ" ಅಂದಳು. ನಾನು ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಮೂರು ಜನಕ್ಕೆ ಗೊತ್ತು, ಗೊತ್ತಾಗಬೇಕಾದವಳಿಗೆ ಗೊತ್ತಿಲ್ಲ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟೆವು.

ಆಮೇಲಿನ ತಿಂಗಳುಗಳು ನನಗೆ ಬಿಡಿಬಿಡಿಯಾಗಿ ನೆನಪಿವೆ. ಮೈಸೂರಿಗೆ ಹೋಗುವುದು, ರಕ್ತ ಹಾಕಿಸಿಕೊಂಡು ಬರುವುದು. ಬಂದ ನಾಲ್ಕು ದಿನ ಚೆನ್ನಾಗಿ ಮಾತಾಡುತ್ತಿದ್ದಳು, ಐದನೇ ದಿನ ಮತ್ತೆ ಮಂಚ. ಆಸ್ಪತ್ರೆಯಲ್ಲಿ ಏರಿಸುವ ಔಷಧಿಗೆ ತಲೆಗೂದಲು ಉದುರಿತು. "ಬುಡು ಅತ್ಲಾಗೆ, ಎಣ್ಣೆ ಕರ್ಚು ಉಳೀತು" ಅಂದಳು. ಯಾರದೋ ರಕ್ತ ತನ್ನ ಮೈಯಲ್ಲಿ ಹರಿಯುತ್ತಿದೆ ಅನ್ನುವುದೇ ಅವಳಿಗೆ ದೊಡ್ಡ ಸೋಜಿಗ. ಕೊಟ್ಟವರು ಯಾವ ಜಾತಿಯೋ, ಏನು ಉಣ್ಣುವವರೋ, ಪುಣ್ಯಾತ್ಮರು ಎಂದು ಆ ಬಾಟಲಿಗೆ ಕೈ ಮುಗಿಯುವಳು. ನಾನು ಸ್ಕೂಲಿಂದ ಬಂದು ಮಂಚದ ಪಕ್ಕ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಅವಳ ಕೈ ನನ್ನ ಬೆನ್ನ ಮೇಲಿರುತ್ತಿತ್ತು. ಹೇಳಬೇಕಾದದ್ದು ನಾಲಗೆಯ ತುದಿಯಲ್ಲಿರುತ್ತಿತ್ತು. ನುಂಗಿಕೊಂಡು ಲೆಕ್ಕ ಬಿಡಿಸುತ್ತಿದ್ದೆ.

ಯುಗಾದಿ ಹತ್ತಿರ ಬಂತು, ಒಟ್ಲು ಹಾಕಿದರು. ಸ್ವಾಮಣ್ಣ ಬಾಗಿಲ ಹತ್ತಿರ ಬಂದು ನಿಂತ. ಪಾಪ, ಅವನ ಕೈಯಲ್ಲಿ ಬಕೆಟ್ಟು ಇರಲಿಲ್ಲ, ನೋಡಿಕೊಂಡು ಹೋಗಲೆಂದೇ ಬಂದಿದ್ದ. ಆದರೆ ದೊಡ್ಡವ್ವ ಬಿಡಬೇಕಲ್ಲ. "ಯಾಕ್ ಸ್ವಾಮಣ್ಣ, ಬರಿಗೈಲಿ ಬಂದಿದ್ದೀಯ? ನಾನಿನ್ನೂ ಸತ್ತಿಲ್ಲ ಕಣಪ್ಪ, ತಕ್ಕೊಂಬಾ" ಅಂದಳು. ಅವನು ದೊಡ್ಡಪ್ಪನ ಮುಖ ನೋಡಿದ, ದೊಡ್ಡಪ್ಪ ಸೂರು ನೋಡಿದ. ಬಕೆಟ್ಟು ಮಂಚದ ಪಕ್ಕಕ್ಕೆ ಬಂತು. ನಾನು ಹಿತ್ತಲಿಗೆ ಓಡಿ ಹೊಂಗೆಯ ಕಡ್ಡಿಯೊಂದನ್ನು ಮುರಿದು ತಂದೆ. "ದೊಡ್ಡವ್ವ, ಇದ್ರಲ್ಲಿ ತಿರುವು. ಕೈ ನೋಯ್ತದೆ" ಅಂದೆ. ಅವಳು ಆ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಎಷ್ಟೋ ದಿನದ ಮೇಲೆ ತನ್ನ ಹಳೆಯ ನಗು ನಕ್ಕಳು. "ಕಡ್ಡಿಗ್ ಕೈಗುಣ ಅದಾ ಕೂಸೇ?" ಅಂದು ಅದನ್ನು ಬಾಗಿಲಾಚೆ ಎಸೆದಳು. ಬಳೆ ಏರಿಸಿದರೂ ನಿಲ್ಲಲಿಲ್ಲ, ಸಡಿಲವಾಗಿ ಮಣಿಕಟ್ಟಿಗೇ ಜಾರಿಬಂದವು. ಮಲಗಿದಲ್ಲಿಂದಲೇ ಕೈ ಇಳಿಬಿಟ್ಟು ಕಲಸಿದಳು. ಅವಳ ಮುಖದಲ್ಲಿ ಇದ್ದ ಸಂತೋಷವನ್ನು ನಾನು ಮರೆಯಲಾರೆ. ನಾನು ಬಕೆಟ್ಟು ಒದೆಯಬಹುದಿತ್ತು, ಕೂಗಾಡಬಹುದಿತ್ತು. ಏನೂ ಮಾಡಲಿಲ್ಲ. ಎಂದಿನಂತೆ ನೀರು ಹುಯ್ದೆ.

ಅದಾಗಿ ಮುಂದಿನ ಸಲ ಮೈಸೂರಿಗೆ ಹೋದಾಗ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದುಬಿಟ್ಟರು. ಅವಳಿಗೆ ಯಾರೂ ಹೇಳಲಿಲ್ಲ, ಅವಳು ಯಾರನ್ನೂ ಕೇಳಲಿಲ್ಲ. ಬಂದ ಗುರುವಾರವೇ ಅವ್ವನನ್ನು ಕರೆದು, "ನಾಳೆ ಶುಕ್ರುವಾರ. ಬೆಳಿಗ್ಗೆ ವಸಿ ರಾಗಿ ತಕ್ಕೊಂಡ್ ಬಾ, ಒಂದ್ ಚೊಂಬು ನೀರು. ಕೂಸ್ಗೆ ತಲೆಗ್ ನೀರಾಕು" ಅಂದಳು.

ಬೆಳಗ್ಗೆ ಜಗುಲಿಯ ಮೇಲೆ ಚಾಪೆ ಹಾಸಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ಹೊಸ ಸೀರೆ ಉಟ್ಟಿದ್ದಳು, ಬೋಳುತಲೆಯ ಮೇಲೆ ಸೆರಗು. ಅಪ್ಪ, ದೊಡ್ಡಪ್ಪ ಕಂಬದ ಹತ್ತಿರ ನಿಂತಿದ್ದರು. ನಾನು ಎದುರಿಗೆ ಕೂತೆ, ಒದ್ದೆ ಕೂದಲು ಬೆನ್ನ ಮೇಲೆ ತಣ್ಣಗೆ ಹತ್ತಿಕೊಂಡಿತ್ತು. ಅವ್ವ ಚೊಂಬು ಹಿಡಿದು ಬಗ್ಗಿದ್ದಳು. "ಕೈ ನೀಡವ್ವ" ಅಂದಳು ದೊಡ್ಡವ್ವ. ಬೊಗಸೆ ಒಡ್ಡಿದೆ. ರಾಗಿ ಸುರಿದಳು, ಅಂಗೈ ತುಂಬ ತಣ್ಣನೆಯ ಕಾಳು. ನಾನು ಬುದ್ಧಿ ಬಂದಾಗಿನಿಂದ ಆಸೆಪಟ್ಟದ್ದು ಅದನ್ನೇ. ಆಮೇಲೆ ಅವಳ ಎರಡು ಕೈ ನನ್ನ ಕೈಯ ಮೇಲೆ ಬರತೊಡಗಿದವು. ಉಗುರಿನ ಬುಡದಲ್ಲಿ ಹಳದಿ, ಬೆರಳ ಸಂದಿಯಲ್ಲಿ ಬಿಳಿ ಬಿಳಿಯಾಗಿ ಸೀಳಿದ ಚರ್ಮ. ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದಕ್ಕೆ ಹೋಗಿಬಿಟ್ಟವು. ರಾಗಿಯೆಲ್ಲ ಚಾಪೆಯ ಮೇಲೆ ಚೆಲ್ಲಿತು. ಅಂಗಳದ ಕೋಳಿಗಳು ಓಡಿಬಂದು ಜಗುಲಿ ಹತ್ತಿದವು, ಯಾರೂ ಓಡಿಸಲಿಲ್ಲ.

"ಯಾಕ್ ಕೂಸೇ?" ಅಂದಳು.

ಅವ್ವನ ಮುಖ ನೋಡಿದೆ. ಅವಳು ಚೊಂಬಿನೊಳಗಿನ ನೀರು ನೋಡುತ್ತಿದ್ದಳು. ಆರು ತಿಂಗಳು ನಾಲಗೆಯ ಮೇಲೆ ಹೊತ್ತಿದ್ದ ಮಾತು ಬಾಯಿಗೆ ಬಂದೇಬಂತು. ನಿನ್ನ ಕೈಯಲ್ಲಿ ಇದ್ದದ್ದು ಗುಣ ಅಲ್ಲ ದೊಡ್ಡವ್ವ, ಅದು ನನಗೆ ಬೇಡ. ಇಷ್ಟೇ ಹೇಳಬೇಕಿತ್ತು. ಹೇಳಿದರೆ ಅವಳ ಇಪ್ಪತ್ತು ವರ್ಷ ಆ ಜಗುಲಿಯ ಮೇಲೆಯೇ ಸತ್ತುಹೋಗುತ್ತಿತ್ತು, ಅವಳಿಗಿಂತ ಮುಂಚೆ. ನಾನು ಬಾಯಿ ತೆರೆದು ಸುಮ್ಮನೆ ಕೂತೆ. ಅವಳು ನನ್ನನ್ನು ನೋಡಿದಳು, ತನ್ನ ಕೈಗಳನ್ನು ನೋಡಿಕೊಂಡಳು. ಉತ್ತರ ಅವಳೇ ಹುಡುಕಿದಳು.

"ನನ್ ಕಾಯ್ಲೆ ಅಂಟ್ಕತದೆ ಅಂತ ಎದ್ರುಕೊಂಡ್ಯಾ?"

ನಾನು ಹೂಂ ಅಂತ ತಲೆಯಾಡಿಸಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಎರಡೂ ಕೈಗಳನ್ನು ಸೆರಗಿನ ಒಳಕ್ಕೆ ಎಳೆದುಕೊಂಡಳು. "ಅಯ್ಯೋ, ಸರೀನೇ ಬುಡು. ನಂಗೆ ಒಳೀನೇ ಇಲ್ಲ ನೋಡು. ಮೊದ್ಲೇ ಯೋಳ್ಬಾರ್ದಾ ಮಗಾ, ದಿನಾ ನಿನ್ ಬೆನ್ ಮ್ಯಾಲೆ ಕೈ ಆಕ್ಕೊಂಡ್ ಮನಿಕ್ಕತಿದ್ನಲ್ಲ" ಅಂದಳು. ಅಪ್ಪ ಅವಳನ್ನು ಎತ್ತಿಕೊಂಡು ಒಳಗೆ ಮಲಗಿಸಿದ. ಅವ್ವ ಚೊಂಬಿನ ನೀರನ್ನು ತಿಪ್ಪೆಗೆ ಚೆಲ್ಲಿ ಬಂದಳು.

ಆ ಮನೆ ಈಗ ಇಲ್ಲ. ಅಪ್ಪ, ದೊಡ್ಡಪ್ಪ ಇಬ್ಬರೂ ಹೋದರು. ಬ್ಯಾರನ್ ಕೆಡವಿದ್ದಾರೆ, ಜಗುಲಿ ಇದ್ದ ಕಡೆ ನಮ್ಮ ತಮ್ಮ ತಾರಸಿ ಮನೆ ಕಟ್ಟಿದ್ದಾನೆ. ಹಬ್ಬಕ್ಕೆ ಹೋದಾಗ ಊರಿನ ವಯಸ್ಸಾದವರು, ನಿಮ್ಮ ದೊಡ್ಡವ್ವನಂಥ ಕೈ ಇನ್ನು ಹುಟ್ಟುವುದಿಲ್ಲ ಅನ್ನುತ್ತಾರೆ. ನಾನು ಹೌದು ಅನ್ನುತ್ತೇನೆ. ಅವ್ವ, ದೊಡ್ಡಪ್ಪನನ್ನು ಬಿಟ್ಟರೆ ಯಾರಿಗೂ ಏನೂ ಹೇಳಿಲ್ಲ. ಓದುತ್ತಿರುವ ನಿಮಗೆ ಹೇಳುತ್ತಿದ್ದೇನೆ, ಯಾಕೆಂದರೆ ನೀವು ಅವಳನ್ನು ನೋಡಿಲ್ಲ, ನಿಮ್ಮ ನಂಬಿಕೆ ಯಾವುದೂ ಮುರಿಯುವುದಿಲ್ಲ. ಹೇಳಿದ್ದರೆ ಸರಿಯಿತ್ತೋ, ಹೇಳದಿದ್ದದ್ದು ಸರಿಯೋ ಅಂತ ನನ್ನನ್ನು ಕೇಳಬೇಡಿ. ಅಳು ಬಂದಿದ್ದರೆ ಅದಾದರೂ ತಿಳಿಸುತ್ತಿತ್ತೇನೋ. ಅವತ್ತೂ ಬರಲಿಲ್ಲ, ಮಣ್ಣು ಮಾಡಿದ ದಿನವೂ ಬರಲಿಲ್ಲ.

ಆ ಶುಕ್ರವಾರದ ಮೇಲೆ ಅವಳು ಹನ್ನೊಂದು ದಿನ ಬದುಕಿದ್ದಳು. ಅವತ್ತೇ ಮಧ್ಯಾಹ್ನ ಅವ್ವನಿಗೆ ಹೇಳಿ ತನ್ನ ತಟ್ಟೆ, ಲೋಟ ಬೇರೆ ಮಾಡಿಸಿದಳು. ನನ್ನ ಹೊದಿಕೆಯನ್ನು ತನ್ನ ಮಂಚದಿಂದ ತೆಗೆಸಿ ಬಿಸಿಲಿಗೆ ಹಾಕಿಸಿದಳು. ಕೆಮ್ಮು ಬಂದರೆ ಗೋಡೆಯ ಕಡೆಗೆ ಹೊರಳುವಳು. ನಾನು ಒಳಗೆ ಹೋದಾಗಲೆಲ್ಲ ಕೈಗಳನ್ನು ಕಂಬಳಿಯ ಕೆಳಗೆ ಸೇರಿಸಿಕೊಳ್ಳುವಳು. ಕೊನೆಯ ಬೆಳಗ್ಗೆ ಉಸಿರು ಮೇಲಕ್ಕೆ ಎಳೆಯುತ್ತಿತ್ತು, ಅವ್ವ ಬಾಯಿಗೆ ನೀರು ಬಿಡುತ್ತಿದ್ದಳು. ನನಗೆ ತಡೆಯಲಾಗದೆ ಮಂಚದ ಹತ್ತಿರ ಹೋದೆ. ಕಣ್ಣು ಬಿಟ್ಟು ನೋಡಿ, ತಲೆಯನ್ನು ಬೇಡ ಬೇಡ ಅನ್ನುವ ಹಾಗೆ ಆಡಿಸಿದಳು.

"ಅಲ್ಲೇ ಕೂತ್ಕೊ ಕೂಸೇ. ಅತ್ರ ಬರ್ಬ್ಯಾಡ. ನೀನು ಬಾಳಿ ಬದುಕ್ಬೇಕಾದೋಳು" ಅಂದಳು.

ನಾನು ಅಲ್ಲೇ ಕೂತೆ.